ಅದರದರ ಸರಾಸರಿ

"ಕುಂದ್ರಿ ಅಕ್ಕ, ಟ್ಯೂಷನ್ ಹುಡುಗ್ರನ್ನ ಕಳ್ಸಿ ಬಂದೆ," ಎಂದು ಸ್ಫೂರ್ತಿ ಬೆಂಚಿನ ಮೇಲಿದ್ದ ಸೀಮೆಸುಣ್ಣದ ಪುಡಿಯನ್ನು ಕೈಯಿಂದಲೇ ಒರೆಸಿದಳು. ಪಲ್ಲವಿ ಕೂತಳು. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಆಟೊ ಹತ್ತಿದಾಗಿನಿಂದ ಜೋಡಿಸಿಕೊಂಡಿದ್ದ ಮಾತನ್ನು ಎಲ್ಲಿಂದ ಶುರುಮಾಡಲೆಂದು ಹುಡುಕಿದಳು.

ಹೋದ ವರ್ಷ ಇಬ್ಬರೂ ಒಂದೇ ಪ್ರಯೋಗಾಲಯದಲ್ಲಿದ್ದರು. ಪ್ರೋಟೀನನ್ನು ಹರಳುಗಟ್ಟಿಸಿ, ಎಕ್ಸ್‌ರೇ ಹಾಯಿಸಿ, ಯಾವ ಪರಮಾಣು ಎಷ್ಟು ಅಲುಗುತ್ತದೆಂದು ಅಳೆಯುವ ಕೆಲಸ. ತನ್ನ ಪ್ರೋಟೀನಿನ ಒಂದು ತುದಿ ಪಲ್ಲವಿಯ ಪ್ರೋಟೀನಿಗಿಂತ ಕಡಿಮೆ ಅಲುಗುತ್ತ ಗಟ್ಟಿಯಾಗಿ ನಿಂತಿದೆ ಎಂದಿದ್ದಳು ಸ್ಫೂರ್ತಿ. ಪರೀಕ್ಷಿಸು ಎಂದು ಇಬ್ಬರಿಗೂ ಗೈಡ್ ಆಗಿದ್ದ ಸರ್ ಪಲ್ಲವಿಗೇ ಒಪ್ಪಿಸಿದರು. ಅವಳು ಎರಡೂ ಹರಳುಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟು, "ಇವಳದೇ ಹೆಚ್ಚು ಅಲುಗುತ್ತೆ ಸರ್," ಅಂದುಬಿಟ್ಟಳು. ಹಿರಿಯಳೆಂಬ ಗತ್ತೂ ಒಂದಿಷ್ಟಿತ್ತು. ಸ್ಫೂರ್ತಿಯ ಕೆಲಸ ನಿಂತಿತು. ಅವಳು ಗಂಟುಮೂಟೆ ಕಟ್ಟಿ ಹೊಸಪೇಟೆಗೆ ಬಂದು, ಗಣಿಯ ದುಡ್ಡು ಕಂಡ ಮನೆಗಳ ಮಕ್ಕಳಿಗೆ ಟ್ಯೂಷನ್ ಶುರುಮಾಡಿದಳು.

"ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲಕ್ಕ," ಎಂದಳು ಸ್ಫೂರ್ತಿ. "ಬ್ಯಾರೆಯವ್ರಾಗಿದ್ರ ಬಾಯಿಮಾತಿಗೆ ಹೊಗಳ್ತಿದ್ರು. ನೀವು ಇದ್ದದ್ದು ಇದ್ದಂಗ ಹೇಳಿದ್ರಿ."

ಎದೆಗೆ ಒದ್ದಿದ್ದರೂ ಪಲ್ಲವಿಗೆ ಇಷ್ಟು ನೋಯುತ್ತಿರಲಿಲ್ಲ.

"ಇದ್ದದ್ದು ಹೇಳಲಿಲ್ಲ ಸ್ಫೂರ್ತಿ. ನನ್ನ ಹರಳು ಕೊರೆಯೋ ಥಂಡ್ಯಾಗ ಇಟ್ಟು ಅಳೆದಿದ್ದು, ನಿಂದು ಹಂಗೇ ರೂಮಿನ ಬಿಸ್ಯಾಗ. ನಿನ್ನ ಇಡೀ ಹರಳೇ ಜಾಸ್ತಿ ಅಲುಗ್ತಿತ್ತು. ಒಂದೊಂದು ಹರಳಿನ ತುದೀನ ಅದರದರ ಸರಾಸರಿ ಅಲುಗಾಟದ ಜೊತಿ ಹಿಡಿದು ನೋಡ್ಬೇಕಿತ್ತು, ನಾ ನೋಡಲಿಲ್ಲ. ಮೊನ್ನೆ ಥೀಸಿಸ್ ಬರೆಯೋವಾಗ ನೋಡಿದೆ. ನೀ ಹೇಳಿದ್ದೇ ಖರೆ, ಆ ತುದಿ ಗಟ್ಟಿ ಐತಿ."

ಸ್ಫೂರ್ತಿ ಕೈಗಂಟಿದ್ದ ಸೀಮೆಸುಣ್ಣದ ಪುಡಿಯನ್ನು ಬೆರಳಿಂದ ಉಜ್ಜಿಕೊಂಡಳು.

"ನಮ್ಮವ್ವ ಇವತ್ತಿಗೂ ಕೇಳ್ತಾಳ," ಎಂದಳು, "ಅಲ್ಲೇನ್ ತಪ್ಪು ಮಾಡಿ ಬಂದಿ ಅಂತ." ಆಮೇಲೆ ತಲೆಯೆತ್ತಿ, "ಸರ್‌ಗೆ ಹೇಳೀರೇನು?" ಎಂದು ಕೇಳಿದಳು.

"ಇನ್ನೂ ಇಲ್ಲ. ಮೊದ್ಲು ನಿನ್ನ ಹತ್ರ..."

"ನಾ 'ಹೋಗ್ಲಿ ಬಿಡ್ರಿ' ಅಂದ್ರ ಇಲ್ಲಿಗೇ ಮುಗೀತು ಅಂತ ಬಂದ್ರೇನು?"

ಪಲ್ಲವಿಗೆ ನಾಚಿಕೆಯಾಯಿತು. ಒಳಗೊಳಗೆ ಅವಳು ಬಯಸಿದ್ದು ಅದನ್ನೇ. ಪರ್ಸಿನಿಂದ ಮೊಬೈಲ್ ತೆಗೆದು ಸರ್ ನಂಬರ್ ಒತ್ತಿದಳು. ಅತ್ತಕಡೆಯಿಂದ "ಹೇಳಮ್ಮ," ಎಂದರು.

"ಸರ್, ಸ್ಫೂರ್ತಿಯ ಹರಳಿನ ವಿಷಯ..." ಎನ್ನುವಷ್ಟರಲ್ಲಿ ಕೆಳಗಿನ ರಸ್ತೆಗೆ ಅದಿರಿನ ಲಾರಿಗಳ ಸಾಲು ನುಗ್ಗಿತು. ಗೋಡೆಗಳೆಲ್ಲ ಗುಡುಗುಟ್ಟಿದವು.

"ಏನೂ ಕೇಳಿಸ್ತಿಲ್ಲಮ್ಮ. ಆಮೇಲೆ ಮಾಡ್ತೀಯಾ?"

ಪಲ್ಲವಿ ಸ್ಫೂರ್ತಿಯ ಮುಖ ನೋಡಿದಳು. ಸ್ಫೂರ್ತಿ ಎದ್ದು ಹೋಗಿ, ಒಂದೊಂದಾಗಿ ಕಿಟಕಿಗಳನ್ನು ಮುಚ್ಚತೊಡಗಿದಳು.