ಕೆಳಗಿನಿಂದ ಕಾಣುವ ಹಕ್ಕಿಗಳು

ಮನೆಯವರೆಲ್ಲ ಅವಳನ್ನು ಬಿಟ್ಟಿ ರಾಣಿ ಎಂದು ಕರೆಯುತ್ತಿದ್ದರು. ಅವಳಿಗೂ ಆ ಹೆಸರಿನ ಬಗ್ಗೆ ಬೇಸರವಿರಲಿಲ್ಲ, ಒಳಗೊಳಗೇ ಹೆಮ್ಮೆಯೇ ಇತ್ತು. ಹೆಸರಿಟ್ಟವನು ಅವಳ ಗಂಡ, ಬೀಗ ರಿಪೇರಿಯವನು. ಅವಳ ಕಾಗದ ಕತ್ತರಿಸುವ ಯಂತ್ರ, ಕಾಗದದ ರಾಶಿ ಎಲ್ಲ ಸೇರಿ ಊಟದ ಮೇಜಿನ ಅರ್ಧ ಭಾಗವನ್ನು ಆಕ್ರಮಿಸಿಕೊಂಡಿದ್ದರಿಂದ ಅವನು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುವುದನ್ನು ರೂಢಿ ಮಾಡಿಕೊಂಡಿದ್ದ. ಯಂತ್ರವೇನೂ ದೊಡ್ಡದಲ್ಲ, ಬೂಟಿನ ಡಬ್ಬಿಗಿಂತ ಸ್ವಲ್ಪ ಉದ್ದ, ಅಷ್ಟೇ. ಒಳಗೆ ಉಗುರಿನ ತುದಿಯಷ್ಟು ಬ್ಲೇಡು. ಕಂಪ್ಯೂಟರಿನಿಂದ ಗೆರೆಚಿತ್ರದ ಫೈಲು ಕಳಿಸಿದರೆ, ಅಂಟಿನ ಮ್ಯಾಟಿನ ಮೇಲೆ ಒತ್ತಿ ಕೂರಿಸಿದ ಕಾಗದವನ್ನು ಗೆರೆ ಹೇಳಿದ ಹಾಗೆ ಕತ್ತರಿಸಿ ಕೈಗೆ ಕೊಡುತ್ತಿತ್ತು. ಅಂಗಡಿಯವರ ಡಬ್ಬಿಗಳಿಗೆ ಹೆಸರಿನ ಸ್ಟಿಕ್ಕರು, ಶುಭಾಶಯದ ಕಾರ್ಡು, ಕಿಟಕಿಗಾಜಿಗೆ ಅಂಟಿಸುವ ಹೂಬಳ್ಳಿ, ಹೀಗೆ ಅವಳಿಗೆ ಕೈತುಂಬ ಕೆಲಸ.

ಅವಳದು ಒಂದೇ ಹಟ. ಯಂತ್ರಕ್ಕೆ ದುಡ್ಡು ಕೊಟ್ಟಾಯಿತು, ಕಾಗದಕ್ಕೆ ಕೊಟ್ಟಾಯಿತು, ಬರೀ ಗೆರೆಗೆ ಯಾರಾದರೂ ಕೊಡುತ್ತಾರೆಯೇ? ಹಾಗಾಗಿ ಫೈಲುಗಳನ್ನು ಪುಕ್ಕಟೆ ಹುಡುಕುವುದರಲ್ಲಿ ಅವಳು ಪಳಗಿ ಹೋಗಿದ್ದಳು. ಯಾವ ಜಾಲತಾಣದಲ್ಲಿ ‘ಡೌನ್‌ಲೋಡ್’ ಎಂಬ ಹಸಿರು ಗುಂಡಿ ನಿಜವಾದದ್ದು, ಯಾವುದು ಜಾಹೀರಾತಿನವರು ಒಡ್ಡಿದ ಬಲೆ ಎನ್ನುವುದು ಅವಳಿಗೆ ಕಣ್ಣು ಮುಚ್ಚಿದರೂ ಗೊತ್ತು. ದೊಡ್ಡ ತಾಣಗಳು ಆಗಾಗ ಪುಕ್ಕಟೆ ವಾರ ಎಂದು ಸಾರುತ್ತವೆ. ಆ ವಾರ ನೂರಾರು ಫೈಲುಗಳ ಕಟ್ಟನ್ನು ಸೊನ್ನೆ ಬೆಲೆಗೆ ಕೊಳ್ಳಬಹುದು, ಕೊಂಡದ್ದು ನಮ್ಮ ಖಾತೆಯಲ್ಲಿ ಕಾಯಂ ಆಗಿ ಉಳಿಯುತ್ತದೆ. ಅವಳಂಥ ಹೆಂಗಸರದೇ ಗುಂಪೊಂದಿತ್ತು, ಎಲ್ಲಿ ಪುಕ್ಕಟೆ ಶುರುವಾದರೂ ಒಬ್ಬರಿಗೊಬ್ಬರು ಫೋನಿನಲ್ಲಿ ಸುದ್ದಿ ಮುಟ್ಟಿಸುತ್ತಿದ್ದರು. ಅವಳು ಒಲೆಯ ಮೇಲಿನದನ್ನು ಹಾಗೇ ಬಿಟ್ಟು ಓಡಿ ಬಂದು, ಏನಿದೆ ಎಂತಿದೆ ನೋಡದೆ ಎಲ್ಲವನ್ನೂ ಬಾಚಿಕೊಂಡು, ‘ಆಮೇಲೆ ನೋಡೋಣ’ ಎಂಬ ಫೋಲ್ಡರಿಗೆ ತುರುಕಿಬಿಡುತ್ತಿದ್ದಳು. ಆ ಆಮೇಲೆ ಎನ್ನುವುದು ಯಾವತ್ತೂ ಬರುತ್ತಿರಲಿಲ್ಲ. ಸಿಕ್ಕಿದ್ದನ್ನು ನೋಡುವುದಕ್ಕಿಂತ ಸಿಗದಿದ್ದನ್ನು ಹುಡುಕುವುದರಲ್ಲೇ ಅವಳಿಗೆ ರುಚಿ.

ತಂಗಿ ಬಸುರಾಗಿ, ಹೊಟ್ಟೆ ಕಾಣಿಸಿಕೊಳ್ಳುವ ಹೊತ್ತಿಗೆ ಒಂದು ಮಧ್ಯಾಹ್ನ ಬಂದು ಮೇಜಿನ ಪಕ್ಕ ಕೂತು ಫೋನು ತೋರಿಸಿದಳು. ತೊಟ್ಟಿಲ ಮೇಲೆ ತೂಗುಹಾಕುವ ಕಾಗದದ ಹಕ್ಕಿಗಳು, ದೊಡ್ಡ ತಾಣವೊಂದರಲ್ಲಿ ಮಾರಾಟಕ್ಕಿದ್ದ ಫೈಲು. ಒಂದು ಬಳೆಯ ಸುತ್ತ ಆರು ಹಕ್ಕಿ, ದಾರದಲ್ಲಿ ಜೋತು ಬಿದ್ದಿದ್ದವು.

"ಇಂಥವು ಸಾವಿರ ಇವೆ," ಎಂದಳು ಅಕ್ಕ.

"ಇಲ್ಲ, ಸರಿಯಾಗಿ ನೋಡಕ್ಕಾ. ಬೇರೆಯವೆಲ್ಲ ನಿಂತ್ಕೊಂಡು ನೋಡೋರಿಗೆ ಮಾಡಿರೋದು. ಇದು ಮಲ್ಕೊಂಡು ನೋಡೋರಿಗೆ. ರೆಕ್ಕೆ ಅಗಲಕ್ಕೆ ಬಿಚ್ಕೊಂಡಿದೆ, ಹೊಟ್ಟೇಲಿ ಹೇಗೆ ತೂತು ಕೊರೆದಿದ್ದಾರೆ ನೋಡು, ಬೆಳಕು ಅದರೊಳಗಿಂದ ಕೆಳಗೆ ಬೀಳತ್ತೆ. ಮಗುಗೆ ಕಾಣೋದು ಹೊಟ್ಟೆ ತಾನೇ?"

"ಎಷ್ಟಂತೆ?"

"ಎರಡು ಕಾಫಿ ದುಡ್ಡು. ನಾನೇ ಕೊಡ್ತೀನಿ, ನೀನು ಕತ್ತರಿಸಿಕೊಟ್ರೆ ಸಾಕು."

"ನಿನ್ನ ದುಡ್ಡೇನು ಬೀದಿಲಿ ಬಿದ್ದಿದ್ಯಾ? ಸುಮ್ನಿರೇ. ಮಗು ಬರೋ ಹೊತ್ತಿಗೆ ಇಂಥದ್ದೇ ಬಿಟ್ಟಿ ಹುಡುಕಿ ಕೊಡದಿದ್ರೆ ನನ್ನ ಹೆಸರು ಬೇರೆ ಇಡು."

ತಂಗಿ ನಕ್ಕಳು. ಬಸುರಿಯಾದವಳು ಅಕ್ಕನೊಡನೆ ವಾದಕ್ಕೆ ನಿಲ್ಲುವಳೇ? ಬಿಟ್ಟಿ ರಾಣಿಯ ಮೇಲೆ ಅವಳಿಗೆ ನಂಬಿಕೆಯೂ ಇತ್ತು.

ಮಗು ದಿನ ತುಂಬುವ ಮೊದಲೇ ಬಂತು. ಗಂಡು. ಅಪ್ಪ ಅವನನ್ನು ಗುಂಡ ಎಂದು ಕರೆದ, ಆದರೆ ಅವನ ಮೈಯಲ್ಲಿ ಗುಂಡಗಿದ್ದದ್ದು ಎರಡು ಕಣ್ಣು ಮಾತ್ರ. ಎದೆಯೊಳಗೆ ಏನೋ ಸರಿಯಿಲ್ಲ, ಆಪರೇಷನ್ ಮಾಡಬೇಕು, ಆದರೆ ಅದಕ್ಕೆ ಮೊದಲು ತೂಕ ಬರಬೇಕು ಎಂದು ಡಾಕ್ಟರು ಹೇಳಿ ಮನೆಗೆ ಕಳಿಸಿದರು. ತೂಕ ಬರಲಿಲ್ಲ. ಹಾಲು ಕುಡಿಯುವುದಕ್ಕೇ ಅವನಿಗೆ ಸುಸ್ತು. ಎತ್ತಿಕೊಂಡರೆ ಉಸಿರು ಕಟ್ಟುತ್ತದೆ ಎಂದು ದಿನವಿಡೀ ಅಂಗಾತ ಮಲಗಿಸಿಯೇ ಇಡಬೇಕಿತ್ತು. ಅಳುವುದಕ್ಕೂ ಶಕ್ತಿ ಸಾಲದ ಮಗು ಸುಮ್ಮನೆ ಮೇಲೆ ನೋಡುತ್ತಿತ್ತು. ಮೇಲೇನಿತ್ತು? ಬೋಳು ಚಾವಣಿ, ಅದರ ಮೂಲೆಯಲ್ಲಿ ಮೇಲಿನ ಮನೆಯ ನಲ್ಲಿ ಸೋರಿ ಆಗಿದ್ದ ಒಂದು ಕಂದು ಕಲೆ.

"ಆ ಕಲೇನೇ ನೋಡ್ತಾನಕ್ಕಾ," ಎಂದಳು ತಂಗಿ. "ಬೆಳಗ್ಗೆಯಿಂದ ಸಾಯಂಕಾಲದ ತನಕ ಅದೊಂದನ್ನೇ. ಹಕ್ಕಿ ಏನಾಯ್ತು?"

"ಹುಡುಕ್ತಾ ಇದೀನಿ ಕಣೇ. ಇನ್ನೇನು ಸಿಕ್ಕೇಬಿಡ್ತು."

ಅಕ್ಕನೂ ಕತ್ತೆತ್ತಿ ಆ ಕಲೆಯನ್ನು ನೋಡಿದಳು. ಹಾಗಂತ ದುಡ್ಡು ಬಿಚ್ಚಿದಳೇ? ಇಲ್ಲ. ಮನೆಗೆ ಬಂದು ಇನ್ನೂ ಜೋರಾಗಿ ಬಿಟ್ಟಿ ಹುಡುಕಿದಳು. ಎರಡು ಕಾಫಿ ದುಡ್ಡು ಅವಳ ಹತ್ತಿರ ಇರಲಿಲ್ಲವೆಂದಲ್ಲ, ಮೇಜಿನ ಖಾನೆಯಲ್ಲಿ ಚಿಲ್ಲರೆಯೇ ಅದಕ್ಕಿಂತ ಹೆಚ್ಚು ಬಿದ್ದಿತ್ತು. ಆದರೆ ಇಷ್ಟು ದಿನ ಹುಡುಕಿ ಈಗ ದುಡ್ಡು ಕೊಟ್ಟರೆ ಅಷ್ಟೂ ದಿನ ದಂಡವಾಯಿತಲ್ಲ! ಒಂದೊಂದು ದಿನ ಹೋದಂತೆಲ್ಲ ಸೋಲೊಪ್ಪುವುದು ಇನ್ನಷ್ಟು ಕಷ್ಟವಾಗುತ್ತಿತ್ತು.

ಕಡೆಗೆ ಚಿಟ್ಟೆಗಳ ಒಂದು ಫೈಲು ಸಿಕ್ಕಿತು, ಪುಕ್ಕಟೆ. ಹಕ್ಕಿಯಾದರೇನು, ಚಿಟ್ಟೆಯಾದರೇನು? ದಪ್ಪ ಕಾಗದದಲ್ಲಿ ಕತ್ತರಿಸಿ, ದಾರ ಪೋಣಿಸಿ, ತೆಗೆದುಕೊಂಡು ಹೋಗಿ ತೊಟ್ಟಿಲ ಮೇಲೆ ಕಟ್ಟಿದಳು. ಬಾಗಿಲಲ್ಲಿ ನಿಂತು ನೋಡಿದರೆ ಬಲು ಚಂದ. ತಂಗಿಯ ಗಂಡ, ಬಸ್ಸು ಓಡಿಸುವವನು, "ಭೇಷ್ ಅತ್ತಿಗೆ!" ಎಂದ. ತಂಗಿ ನೆಲದ ಮೇಲೆ, ತೊಟ್ಟಿಲ ಪಕ್ಕದಲ್ಲಿ ಅಂಗಾತ ಮಲಗಿದಳು.

"ಅಕ್ಕಾ, ಇಲ್ಲಿ ಬಂದು ಮಲ್ಕೋ."

"ಏನೇ ಇದು?"

"ಒಂದ್ಸಲ ಮಲ್ಕೋ."

ಅವಳು ಮಲಗಿ ಮೇಲೆ ನೋಡಿದಳು. ಚಿಟ್ಟೆಗಳು ಮಾಯ. ಚಪ್ಪಟೆ ಕಾಗದ ನೆಟ್ಟಗೆ ಜೋತು ಬಿದ್ದರೆ ಕೆಳಗಿನಿಂದ ಕಾಣುವುದು ಅದರ ಅಂಚು ಮಾತ್ರ, ಕೂದಲೆಳೆಯಷ್ಟು ಗೆರೆ. ಅದರಾಚೆ ಅದೇ ಚಾವಣಿ, ಅದೇ ಕಂದು ಕಲೆ. ಪಕ್ಕದಲ್ಲಿ ಗುಂಡನ ಉಸಿರು ಗೊರಗೊರ ಎನ್ನುತ್ತಿತ್ತು. ತಂಗಿ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಆಮೇಲೆ ಅವಳು ಹಕ್ಕಿಗಳನ್ನೇ ಪಟ್ಟು ಹಿಡಿದು ಹುಡುಕಿದಳು. ಗುಂಪಿನ ಹೆಂಗಸೊಬ್ಬಳು ಎಲ್ಲಿಂದಲೋ ಕದ್ದ ನಕಲು ಕಳಿಸಿದಳು, ಯಾರೋ ಫೋಟೋದ ಮೇಲೆ ಗೆರೆ ತೆಗೆದು ಮಾಡಿದ ಫೈಲು. ಒಂದೊಂದು ಗೆರೆಯ ಪಕ್ಕದಲ್ಲೂ ಇನ್ನೊಂದು ಗೆರೆ. ಬ್ಲೇಡು ಹೋದ ದಾರಿಯಲ್ಲೇ ಎರಡೆರಡು ಸಲ ಹೋಗಿ ಹಕ್ಕಿಯ ಹೊಟ್ಟೆ ಚಿಂದಿಯಾಯಿತು. ಮತ್ತೆ ಮಾಡಿದಳು, ಮತ್ತೆ ಚಿಂದಿ. ಮ್ಯಾಟಿನಿಂದ ಹರಕು ರೆಕ್ಕೆಗಳನ್ನು ಕೆರೆದು ತೆಗೆಯುತ್ತಿದ್ದಾಗ ತಂಗಿಯ ಗಂಡನ ಫೋನು ಬಂತು.

"ಅತ್ತಿಗೆ, ಡಾಕ್ಟ್ರು ಇನ್ನು ಕರ್ಕೊಂಡು ಬರೋದು ಬೇಡ ಅಂದ್ರು. ಮನೇಲೇ ಇರ್ಲಿ ಅಂದ್ರು." ಹಿಂದೆ ಬಸ್ಸಿನ ಇಂಜಿನ್ನಿನ ಸದ್ದು. "ಇವಳು ಅಳ್ತಾನೂ ಇಲ್ಲ. ಆ ಹಕ್ಕಿ ಒಂದು ಬಂದ್ಬಿಡ್ಲಿ, ಅವನು ಒಂದ್ಸಲ ನೋಡ್ಲಿ ಅಂತಾಳೆ. ಬೇರೆ ಏನೂ ಕೇಳ್ತಿಲ್ಲ."

ಅವಳು ಮ್ಯಾಟನ್ನು ಎತ್ತಿ ಗೋಡೆಗೆ ಎಸೆದಳು. ಒಳಗೆ ಬೀಗವೊಂದನ್ನು ಬಿಚ್ಚಿಕೊಂಡು ಕೂತಿದ್ದ ಗಂಡ ಎದ್ದು ಬಂದ. ಅವಳು ಅವನ ಕಡೆ ನೋಡದೆ ಆ ತಾಣ ತೆರೆದು, ತಂಗಿ ತೋರಿಸಿದ್ದ ಹಕ್ಕಿಗಳನ್ನು ಹುಡುಕಿ, ದುಡ್ಡು ತೆರಲೆಂದು ಜೀವನದಲ್ಲಿ ಮೊದಲ ಸಲ ‘ಕೊಳ್ಳಿ’ ಎಂಬ ಗುಂಡಿಯನ್ನು ಒತ್ತಿದಳು. ದುಡ್ಡು ಹೋಗಲಿಲ್ಲ. ಪರದೆಯ ಮೇಲೆ ಒಂದು ಸಾಲು ಬಂತು: ಈ ಫೈಲು ಈಗಾಗಲೇ ನಿಮ್ಮ ಖಾತೆಯಲ್ಲಿದೆ, ಮತ್ತೆ ಕೊಳ್ಳುವ ಅಗತ್ಯವಿಲ್ಲ. ಕೆಳಗೆ ಅದು ಅವಳ ಪಾಲಿಗೆ ಬಂದ ತಾರೀಕು.

ತಂಗಿ ಫೋನು ಹಿಡಿದು ಮೇಜಿನ ಪಕ್ಕ ಕೂತಿದ್ದ ಮಧ್ಯಾಹ್ನಕ್ಕಿಂತ ಮೊದಲಿನ ತಾರೀಕು ಅದು.

ಯಾವುದೋ ಪುಕ್ಕಟೆ ವಾರದಲ್ಲಿ ಬಾಚಿಕೊಂಡಿದ್ದ ಕಟ್ಟು. ಹೊರಗಿನ ಚಿತ್ರದಲ್ಲಿ ಟೀ ಕಪ್ಪು, ಹೂವಿನ ಕುಂಡ. ಒಳಗೆ ನೂರಾರು ಫೈಲು, ಹೆಸರಿನ ಬದಲು ಬರೀ ನಂಬರು. ಅವುಗಳ ನಡುವೆ ಎಲ್ಲೋ ಆರು ಹಕ್ಕಿಗಳು, ಹೊಟ್ಟೆಯ ತೂತುಗಳ ಸಮೇತ, ‘ಆಮೇಲೆ ನೋಡೋಣ’ ಎಂಬ ಫೋಲ್ಡರಿನಲ್ಲಿ ಬಿದ್ದಿದ್ದವು. ಗುಂಡ ಹುಟ್ಟಿದ ದಿನವೂ ಅಲ್ಲೇ ಇದ್ದವು. ಅವಳು ಚಿಟ್ಟೆ ಕಟ್ಟಿದ ದಿನವೂ ಅಲ್ಲೇ ಇದ್ದವು. ಗಂಡ ಅವಳ ಹೆಗಲ ಮೇಲಿಂದ ಬಗ್ಗಿ ಓದಿದ. ಅವನು ಹೋಗಿ ಮ್ಯಾಟನ್ನು ಹೆಕ್ಕಿ ತಂದು, ಅದಕ್ಕೆ ಅಂಟಿದ್ದ ಕಸವನ್ನು ಅಂಗೈಯಿಂದ ಒರೆಸಿ ಅವಳ ಮುಂದಿಟ್ಟ. ಬಿಟ್ಟಿ ರಾಣಿ ಎಂಬ ಹೆಸರನ್ನು ಅವನು ಆಮೇಲೆ ಎಂದೂ ಬಾಯಲ್ಲಿ ಎತ್ತಲಿಲ್ಲ.

ನಂಬರುಗಳ ನಡುವಿಂದ ಹುಡುಕಿ ತೆಗೆದ ಹಕ್ಕಿಗಳನ್ನು ಯಂತ್ರ ಹೂವು ಎತ್ತಿದಷ್ಟು ಸಲೀಸಾಗಿ ಕತ್ತರಿಸಿಕೊಟ್ಟಿತು. ಒಂದು ಎಳೆಯೂ ಹರಿಯಲಿಲ್ಲ. ರೆಕ್ಕೆಯನ್ನು ಮೈಯ ಸೀಳಿಗೆ ಸಿಕ್ಕಿಸಿದರೆ ತಾನಾಗಿ ಅಗಲಕ್ಕೆ ನಿಂತಿತು, ಅಂಟು ಕೂಡ ಬೇಡ. ಊಟದ ಹೊತ್ತಾಗುವುದರೊಳಗೆ ಎಲ್ಲ ಮುಗಿದೇ ಹೋಯಿತು. ಇಷ್ಟೇ ಕೆಲಸವಿತ್ತೇ ಎಂದು ಅವಳಿಗೆ ಅಳು ಬಂತು, ಕಾಗದಕ್ಕೆ ತಾಗದಿರಲಿ ಎಂದು ಮುಖ ಆ ಕಡೆ ತಿರುಗಿಸಿ ಅತ್ತಳು.

ಬೂಟಿನ ಡಬ್ಬಿಯಲ್ಲಿ ಹಕ್ಕಿಗಳನ್ನು ಇಟ್ಟುಕೊಂಡು ಹೋದಾಗ ಗುಂಡ ನಿದ್ದೆಯಲ್ಲಿದ್ದ. ತುಟಿಯ ಸುತ್ತ ನೀಲಿ. ತಂಗಿಯ ಗಂಡ ಕುರ್ಚಿ ಹತ್ತಿ ಚಿಟ್ಟೆಗಳನ್ನು ಬಿಚ್ಚಿ ಇವನ್ನು ಕಟ್ಟಿದ. ತಂಗಿ ನೆಲದ ಮೇಲೆ ಮಲಗಿ ನೋಡಿದಳು. ಕಿಟಕಿಯ ಬೆಳಕು ಹಕ್ಕಿಗಳ ಹೊಟ್ಟೆಯಿಂದ ಇಳಿದು ಮಗುವಿನ ಹೊದಿಕೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಓಡಾಡುತ್ತಿತ್ತು. ಕಂದು ಕಲೆ ರೆಕ್ಕೆಗಳ ಹಿಂದೆ ಮರೆಯಾಗಿತ್ತು.

"ಇದೇ," ಎಂದಳು ತಂಗಿ. "ಅದೇ ಇದು. ಅಕ್ಕಾ, ಕೊನೆಗೂ ದುಡ್ಡು ಕೊಟ್ಟು ತಂದ್ಯಾ?"

ಅವಳ ಮುಖದಲ್ಲಿ ಎಷ್ಟೋ ದಿನದ ಮೇಲೆ ನಗುವಿನಂಥದೇನೋ ಬಂದಿತ್ತು. ಅದನ್ನು ಅಳಿಸುವ ಧೈರ್ಯ ಯಾರಿಗಿದೆ?

"ಹೂಂ ಕಣೇ," ಎಂದಳು ಅಕ್ಕ.

"ಎಬ್ಬಿಸೋದು ಬೇಡ. ಅವನಾಗೇ ಏಳ್ಲಿ. ಕಣ್ಣು ಬಿಟ್ಟ ತಕ್ಷಣ ನೋಡ್ತಾನೆ."

ಮೂವರೂ ತೊಟ್ಟಿಲ ಸುತ್ತ ಕೂತರು. ಪಕ್ಕದ ಮನೆಯಲ್ಲಿ ಯಾರೋ ಪಾತ್ರೆ ತೊಳೆಯುತ್ತಿದ್ದರು. ಹಕ್ಕಿಗಳು ಒಂದು ಸುತ್ತು ಹೀಗೆ, ಒಂದು ಸುತ್ತು ಹಾಗೆ ತಿರುಗಿದವು. ತಂಗಿ ಮಗುವಿನ ಕಣ್ಣುಗಳ ಮೇಲಿಂದ ದೃಷ್ಟಿ ಕದಲಿಸಲಿಲ್ಲ. ಏಳು ಕಂದಾ, ಒಂದೇ ಒಂದು ಸಲ ಏಳು ಎಂದು ಅಕ್ಕ ಮನಸ್ಸಿನಲ್ಲೇ ಗೋಗರೆದಳು, ತನ್ನ ಜನ್ಮದಲ್ಲಿ ಯಾವುದಕ್ಕೂ ಅಷ್ಟು ಗೋಗರೆದಿರಲಿಲ್ಲ. ಬೆಳಕಿನ ಚುಕ್ಕಿಗಳು ಹೊದಿಕೆಯಿಂದ ಗೋಡೆಗೆ ಸರಿದವು, ಗೋಡೆಯ ಮೇಲೇ ಮಾಸಿದವು. ಗುಂಡ ಏಳಲಿಲ್ಲ. ಗೊರಗೊರ ಸದ್ದು ನಿಂತದ್ದು ಮೊದಲು ಅಪ್ಪನಿಗೆ ಗೊತ್ತಾಯಿತು.

ಮರುದಿನ ಬಂದವರಿಗೆಲ್ಲ ತಂಗಿ ಒಂದೇ ಮಾತು ಹೇಳುತ್ತಿದ್ದಳು. ಮಗುವಿನ ವಿಷಯ ಹೇಳಲು ಬಾಯಿ ಬಾರದೆ ಹಕ್ಕಿಗಳ ವಿಷಯ ಹೇಳುತ್ತಿದ್ದಳು. "ನಮ್ಮಕ್ಕ ಬಿಟ್ಟಿ ಬಿಟ್ರೆ ಬೇರೆ ಗೊತ್ತಿಲ್ದೋಳು. ಅವನಿಗೋಸ್ಕರ ದುಡ್ಡು ಕೊಟ್ಟು ತಂದ್ಲು." ಬಂದವರು ಅಕ್ಕನ ಕಡೆ ತಿರುಗಿ ತಲೆಯಾಡಿಸುತ್ತಿದ್ದರು. ಮುದುಕಿಯೊಬ್ಬಳು ಅವಳ ಕೈ ಹಿಡಿದು ಒತ್ತಿದಳು. ಅವಳಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಎಲ್ಲರೂ ಹೋದ ಮೇಲೆ ತಂಗಿ ಹಕ್ಕಿಗಳನ್ನು ಬಿಚ್ಚಿ, ರೆಕ್ಕೆ ಮಡಚಿಹೋಗದಂತೆ ಮಗುವಿನ ಚಿಕ್ಕ ಪೆಟ್ಟಿಗೆಯಲ್ಲಿ ಅವನ ಪಕ್ಕ ಇಟ್ಟಳು.

"ಇದು ಅವನ ಜೊತೆ ಹೋಗ್ಲಿ. ನಂಗೆ ಇನ್ನೊಂದು ಮಾಡಿಕೊಡ್ತೀಯಾ? ಅಲ್ಲೇ ಕಟ್ಟಿರ್ತೀನಿ, ನಾನು ಮಲ್ಕೊಂಡು ನೋಡ್ತೀನಿ." ಆಮೇಲೆ ಸಂಕೋಚದಿಂದ ಕೇಳಿದಳು, "ಮತ್ತೆ ದುಡ್ಡು ಕೊಡ್ಬೇಕಾಗತ್ತಾ ಅಕ್ಕಾ?"

"ಇಲ್ಲ," ಎಂದಳು ಅವಳು. "ಅದು ನನ್ನ ಹತ್ರಾನೇ ಇದೆ."