ಡಬ್ಬಿಯ ಬೋನು

"ಬಾ ಇಲ್ಲಿ ಕಲ್ಲಮ್ಮ, ನೋಡು ನಿನ್ನ ಮಗರಾಯನ ಕೆಲಸಾನ!"

ಮನೆ ಮಾಲೀಕ ಪರಮೇಶ್ವರಪ್ಪ ಹರಿದ ಪಂಚೆಯನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ಅಂಗಳದಲ್ಲಿ ನಿಂತಿದ್ದರು. ಗಾರ್ಮೆಂಟ್ಸ್ ಬಸ್ಸಿಳಿದು ಆಗಷ್ಟೇ ಬಂದಿದ್ದ ಕಲ್ಲಮ್ಮನಿಗೆ ಪಂಚೆಯ ತೂತಿನಲ್ಲಿ ಅವರ ಹೊಟ್ಟೆ ಕಂಡಿತು. ಬಂದ ನಗುವನ್ನು ನುಂಗಿಕೊಂಡಳು. ಅವಳ ನಾಯಿ ಡಬ್ಬಿ ಮಾತ್ರ ಬಾಲ ಬೀಸುತ್ತಾ ಪಂಚೆಯ ಅಂಚಿಗೆ ಇನ್ನೂ ಹಾರುತ್ತಲೇ ಇತ್ತು.

ಹಾಲಿನ ಪುಡಿಯ ಡಬ್ಬಿಯಲ್ಲಿ ತಲೆ ಸಿಕ್ಕಿಸಿಕೊಂಡು ಜನ್ನಾಪುರದ ಚರಂಡಿಯಲ್ಲಿ ಒದ್ದಾಡುತ್ತಿದ್ದ ಮರಿ ಅದು. ಗಂಡ ಸತ್ತ ಮೇಲೆ ಆ ಒಂಟಿ ಕೋಣೆಯಲ್ಲಿ ಅವಳಿಗಾಗಿ ಕಾಯುವ ಜೀವ ಅದೊಂದೇ. ಬೆಳಿಗ್ಗೆ ಅವಳು ಬಸ್ಸು ಹತ್ತಿದ್ದೇ ತಡ, ಕಿಟಕಿ ಹಾರಿ ಹೊರಬೀಳುತ್ತಿತ್ತು. ಬೀದಿಯ ಚಪ್ಪಲಿಗಳನ್ನೆಲ್ಲ ಜೋಡಿ ತಪ್ಪಿಸಿ ತಂದು ಗುಡ್ಡೆ ಹಾಕುತ್ತಿತ್ತು.

"ಬೋನು ಮಾಡ್ಸು, ಇಲ್ಲ ಮನೆ ಖಾಲಿ ಮಾಡು."

"ಇಡೀ ದಿನ ಬೋನಲ್ಲಿ ಹೆಂಗಿರುತ್ತೆ ಸಾರ್?"

"ಅಭ್ಯಾಸ ಆಗುತ್ತೆ ಮಾರಾಯ್ತಿ. ಫ್ಯಾಕ್ಟರಿ ಸೈರನ್ನಿಗೆ ನಮ್ಗೆ ಆಗ್ಲಿಲ್ವಾ?"

ಗ್ರಿಲ್ ಕೆಲಸದ ಇಸ್ಹಾಕ್ ಹಳೇ ಕಿಟಕಿ ಸರಳುಗಳಲ್ಲೇ ಬೋನು ಕಟ್ಟಿಕೊಟ್ಟ. ಎತ್ತಿದರೆ ಕಳಚಿ ಬರುವ ಬಾಗಿಲು.

"ಬಲವಂತ ಮಾಡ್ಬೇಡಿ ಅಕ್ಕ. ಒಳಗೆ ಮೂಳೆ ಇಡಿ, ತಾನಾಗೇ ಹೋಗ್ಬೇಕು. ತಾನಾಗೇ ಹೋದ್ರೆ ಅದು ಜೈಲಲ್ಲ ಅಂತಾರೆ ಯೂಟ್ಯೂಬಲ್ಲಿ."

"ನಮ್ಮನೇಲಿ ಮೂಳೆ ಎಲ್ಲಿಂದ ತರ್ಲೋ?"

"ಓ, ಶಿವಶರಣರ ನಾಯಿ! ಹಂಗಾದ್ರೆ ಬನ್ನು ಸಾಕು ಬಿಡಿ."

ನಿಧಾನವಾಗಿ ಕಲಿಸಲು ಅವಳಿಗೆಲ್ಲಿತ್ತು ಪುರುಸೊತ್ತು? ಬೀದಿಯ ಮೂಲೆಯಲ್ಲಿ ಬಸ್ಸಿನ ಹಾರನ್ ಆಗುತ್ತಲೇ ಬನ್ನಿನ ಚೂರು ಒಳಗೆಸೆದು, ಡಬ್ಬಿ ನುಗ್ಗಿದ ಕೂಡಲೇ ಚಿಲಕ ಹಾಕಿ, ಕೊರಳಿಗೆ ಕಂಪನಿ ಕಾರ್ಡು ತೂಗಿಸಿಕೊಂಡು ಓಡುತ್ತಿದ್ದಳು. ಮೊದಮೊದಲು ಸಂಜೆ ಬಂದು ನೋಡಿದರೆ ಸರಳಿನ ಮೇಲೆ ರಕ್ತ. ವಸಡು ಹರಿಯುವ ಹಾಗೆ ಕಚ್ಚಿರುತ್ತಿತ್ತು. ಆಮೇಲೆ ಕಚ್ಚುವುದು ನಿಂತಿತು. ಬೀದಿಯ ಚಪ್ಪಲಿಗಳು ಬಾಗಿಲ ಮುಂದೆ ಜೋಡಿಯಾಗಿ ಉಳಿದವು. "ನೋಡಿದ್ಯಾ, ಎಷ್ಟು ಒಳ್ಳೇದಾಯ್ತು!" ಎಂದರು ಪರಮೇಶ್ವರಪ್ಪ. ಸಂಜೆ ಅವಳು ಚಿಲಕ ತೆಗೆದಾಗ ಹಾರಿ ಬಂದು ಮುಖ ನೆಕ್ಕುವುದನ್ನೂ ಡಬ್ಬಿ ಬಿಟ್ಟಿತ್ತು.

ಮಾಚೇನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಹಾಲ್‌ನ ಹಿಂಬಾಗಿಲಿಗೆ ಹೊರಗಿನಿಂದ ಬೀಗ. ಹೆಂಗಸರು ಕದ್ದು ಹೊರಗೆ ಕೂರುತ್ತಾರೆಂದು ಸೂಪರ್‌ವೈಸರ್ ತ್ರಿವಿಕ್ರಮ ಹಾಕಿಸಿದ್ದ. ಉಚ್ಚೆಗೆ ಹೋಗಬೇಕೆಂದರೂ ಅವನ ಮುಂದೆ ಟೋಕನ್ನಿಗೆ ಕೈಚಾಚಬೇಕು. ಒಂದು ಮಧ್ಯಾಹ್ನ ಮುಂಬಾಗಿಲ ಪಕ್ಕದ ಮಿಷನ್ನಿನ ಮೋಟರು ಸುಟ್ಟು ಹಾಲ್ ತುಂಬ ಹೊಗೆ ಕವಿಯಿತು. ಹೆಂಗಸರು ಹಿಂಬಾಗಿಲಿಗೆ ನುಗ್ಗಿ ಬಡಿದರು, ಉಗುರು ಕೀಳುವ ಹಾಗೆ ಕೆರೆದರು. ಬೀಗದ ಕೈ ಸಿಗುವ ಹೊತ್ತಿಗೆ ಇಬ್ಬರು ಹುಡುಗಿಯರು ನೆಲಕ್ಕೆ ಬಿದ್ದಿದ್ದರು.

"ಹೊಗೆ ತಾನೇ? ಬೆಂಕಿ ಅಲ್ವಲ್ಲ. ಕೂತ್ಕೊಳಿ, ಕೂತ್ಕೊಳಿ" ಎಂದ ತ್ರಿವಿಕ್ರಮ. ಕೂತರು. ಕಲ್ಲಮ್ಮನೂ ಕೂತಳು.

ವಾಪಸು ಬರುವ ಬಸ್ಸಿನಲ್ಲಿ ಪಕ್ಕದ ಮಿಷನ್ನಿನ ಮೆಹರ್ ಬಾನು ಒಬ್ಬೊಬ್ಬರ ಕೈ ಹಿಡಿದು ಮಾತು ಕೊಡುವಂತೆ ಕೇಳಿದಳು. "ನಾಳೆ ಯಾರೂ ಬಸ್ ಹತ್ತೋದಿಲ್ಲ. ಮೊದ್ಲು ಆ ಬೀಗ ತೆಗೀಲಿ. ನೀನೇನಂತೀಯೇ ಕಲ್ಲಮ್ಮ?"

"ಕೆಲಸ ಹೋದ್ರೆ?"

"ಇವತ್ತು ಜೀವಾನೇ ಹೋಗ್ತಿತ್ತಲ್ಲೇ!"

ಕಲ್ಲಮ್ಮ ಮಾತು ಕೊಟ್ಟಳು.

ಮರುದಿನ ಅವಳು ಬುತ್ತಿ ಕಟ್ಟಲಿಲ್ಲ, ಬನ್ನು ತರಲಿಲ್ಲ. ಮೂಲೆಯ ಹೊಂಗೆ ಮರದ ಕೆಳಗೆ ಹೆಂಗಸರು ಸೆರಗು ಹೊದ್ದು ನಿಂತಿದ್ದರು. ಡಬ್ಬಿ ಹೊಸಿಲಾಚೆ ಬಿಸಿಲಿಗೆ ಕಾಲು ಚಾಚಿ ಮಲಗಿತ್ತು.

ಹಾರನ್ ಆಯಿತು.

ಡಬ್ಬಿ ಎದ್ದು, ಮೈ ಕೊಡವಿ, ಬೋನಿನೊಳಗೆ ಹೋಗಿ ಮುದುರಿಕೊಂಡಿತು. ಒಳಗೆ ಬನ್ನಿರಲಿಲ್ಲ.

"ಇವತ್ತಿಲ್ಲ ಕಣೋ. ಬಾ ಆಚೆ."

ಕದಲಲಿಲ್ಲ. ಮುಂಗಾಲು ಹಿಡಿದು ಎಳೆದಳು. ಉಗುರುಗಳು ಬೋನಿನ ತಳದ ತಗಡನ್ನು ಕೆರೆದವು. ಆ ಸದ್ದಿಗೆ ಕೈ ಬಿಟ್ಟಳು.

ಮತ್ತೆ ಹಾರನ್. ಮರದ ಕಡೆಯಿಂದ ಮೆಹರ್ ಬಾನು, "ಕಲ್ಲಮ್ಮಾ, ಬಾರೇ!" ಎಂದು ಕೂಗಿದಳು. ಕಲ್ಲಮ್ಮನ ಕೈ ಎದೆಗೆ ಹೋಯಿತು. ಕೊರಳಲ್ಲಿ ಕಂಪನಿ ಕಾರ್ಡು. ಯಾವಾಗ ಹಾಕಿಕೊಂಡಳೋ ಅವಳಿಗೇ ಗೊತ್ತಿರಲಿಲ್ಲ.

ತೆಗೆದು ಮೊಳೆಗೆ ನೇತುಹಾಕಿದಳು. ಖಾಲಿ ಸೀಟುಗಳ ಬಸ್ಸು ಮನೆಯ ಮುಂದೆ ಹಾದು ಹೋಯಿತು. ಅವಳು ಬಗ್ಗಿ ಬೋನಿನ ಬಾಗಿಲನ್ನು ಎತ್ತಿ ಕಳಚಿ, ಅಂಗಳದ ಗೋಡೆಗೆ ಒರಗಿಸಿಟ್ಟು ಮರದ ಕಡೆ ನಡೆದಳು. ತಿರುವಿನಲ್ಲಿ ಹಿಂದಿರುಗಿ ನೋಡಿದಾಗ, ಬಾಗಿಲಿಲ್ಲದ ಬೋನಿನೊಳಗೆ ಡಬ್ಬಿ ಗಲ್ಲವನ್ನು ಮುಂಗಾಲ ಮೇಲಿಟ್ಟು ಕಣ್ಣು ಮುಚ್ಚಿತ್ತು.