ಹಾಡೇ ಅಕ್ಕಾ

"ಮದರ್ ವರ್ಲೀನ್, ಬೇಜಾರ್ ಮಾಡ್ಕೋಬೇಡಿ. ರೆಕಾರ್ಡಲ್ಲಿ ಹಂಗಿಲ್ಲ," ಎಂದ ಡೇವನ್.

ಡೇವನ್ ಚರ್ಚಿನ ಗಾಯಕ ತಂಡವನ್ನು ನಡೆಸುವವನು. ಆರ್ಗನ್ ಮುಂದೆ ಕೂತರೆ ಕುಂಟರೂ ಎದ್ದು ಕುಣಿಯಬೇಕು, ಹಾಗೆ ನುಡಿಸುತ್ತಾನೆ. ಆದರೆ ನಾಲಿಗೆಗೆ ಮಾತ್ರ ಹಿಡಿತವಿಲ್ಲ. ಚರ್ಚಿನವರು ಗೌರವಕ್ಕೆ ಮದರ್ ಎನ್ನುವ ಮುದುಕಿ ವರ್ಲೀನ್ ಹಿಂದಿನ ಬೆಂಚಿನಲ್ಲಿ ನಾಳೆಗೆಂದು ಬಿಳಿ ಮೇಜುಬಟ್ಟೆಗಳನ್ನು ಮಡಿಸುತ್ತ ಕೂತಿದ್ದಳು. ತಂಡದವರು ಅಭ್ಯಾಸ ಮಾಡುತ್ತಿದ್ದ ಹಾಡಿನಲ್ಲಿ ನಡುವೆ ಕೂಗು ಹಾಕುವ ಜಾಗ ಬಂತು. ಅವಳಿಗೆ ತಿಳಿಯುವ ಮೊದಲೇ ಅವಳ ಬಾಯಿಂದ ಆ ಕೂಗು ಹೊರಬಿತ್ತು. ಎಲ್ಲರೂ ತಿರುಗಿ ನೋಡಿ ನಕ್ಕರು.

"ನೀವು ತಡ ಮಾಡ್ತೀರಿ. ರೆಕಾರ್ಡಲ್ಲಿ ಸಾಲು ಮುಗಿಯೋ ಮುಂಚೇನೇ ಬೀಳುತ್ತೆ. ಕೀಯಾ, ಮದರ್‌ಗೆ ಒಂದ್ಸಲ ಮಾಡಿ ತೋರ್ಸೇ."

ಕೀಯಾ ಎಂಬ ಹುಡುಗಿ ಚೂಯಿಂಗ್ ಗಮ್ಮನ್ನು ಕೆನ್ನೆಯ ಮೂಲೆಗೆ ತಳ್ಳಿ, "ಹಾಡೇ ಅಕ್ಕಾ, ಹಾಡು!" ಎಂದು ಕೂಗಿದಳು. ತಟಕ್ಕನೆ, ಚೊಕ್ಕವಾಗಿ, ಕೊನೆಯಲ್ಲಿ ಸ್ವಲ್ಪ ಒಡೆದು. ಯಂತ್ರದಲ್ಲಿ ತೆಗೆದ ಹಾಗಿತ್ತು.

"ನೋಡಿದ್ರಾ?" ಎಂದ ಡೇವನ್.

"ನೋಡ್ದೆ ಕಣಪ್ಪಾ. ಕಿವಿ ಇನ್ನೂ ನೆಟ್ಟಗಿದೆ," ಎಂದು ವರ್ಲೀನ್ ಮೇಜುಬಟ್ಟೆಯ ಮಡಿಕೆಯನ್ನು ಬೇಕಾದ್ದಕ್ಕಿಂತ ಜೋರಾಗಿ ತಟ್ಟಿದಳು.

ಅಲ್ಲ, ಆ ಕೂಗು ನಂದು ಕಣೋ ಮಂಕೇ ಎಂದು ಹೇಳಬಹುದಿತ್ತು. ಹೇಳಿದರೆ ಯಾರು ನಂಬುತ್ತಾರೆ? ಈ ಮೆಂಫಿಸ್ ಊರಿನ ಮುದುಕಿಯರಲ್ಲಿ ಅರ್ಧ ಜನ ತಾವೊಮ್ಮೆ ದೊಡ್ಡ ಗಾಯಕಿ ಓಝೆಲ್ಲಾ ಪ್ರೂಯಿಟ್ ಜೊತೆ ಹಾಡಿದ್ದೆವು ಎನ್ನುತ್ತಾರೆ. ನಿಜವಾಗಿ ಹಾಡಿದವಳು ಬಾಯಿ ಮುಚ್ಚಿಕೊಂಡು ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಅನ್ನ ಬಡಿಸಿ, ವಯಸ್ಸಾಗಿ, ಈಗ ಚರ್ಚಿನ ಅಡುಗೆಮನೆಗೆ ಬಂದು ಕೂತಿದ್ದಳು.

ಓಝೆಲ್ಲಾ ಅವಳ ದೊಡ್ಡಮ್ಮನ ಮಗಳು. ಒಂದೇ ಮನೆಯಲ್ಲಿ, ಒಂದೇ ಹಾಸಿಗೆಯಲ್ಲಿ ಬೆಳೆದವರು. ಚರ್ಚಿನಲ್ಲಿ ಓಝೆಲ್ಲಾ ಒಂದು ಸಾಲು ಎತ್ತಿದರೆ ಬೆಂಚಿನಿಂದ ವರ್ಲೀನ್ ಓಗೊಡುತ್ತಿದ್ದಳು. ಅದೇನು ಕಲಿತು ಬರುವ ವಿದ್ಯೆಯಲ್ಲ. ಒಬ್ಬರು ಮನಸ್ಸು ಬಿಚ್ಚಿ ಹಾಡುವಾಗ ಕೇಳುವವರು ಗರ ಬಡಿದವರ ಹಾಗೆ ಸುಮ್ಮನೆ ಕೂತರೆ ಅದು ಆ ಚರ್ಚಿನ ಜನರಲ್ಲಿ ಅವಮಾನ. ಹಾಡುವವಳನ್ನು ನಡುದಾರಿಯಲ್ಲಿ ಕೈಬಿಟ್ಟ ಹಾಗೆ. ಆದ್ದರಿಂದ ಯಾವುದೋ ಹಳೇ ಹಿಟ್ಟಿನ ಗೋದಾಮನ್ನು ಸ್ಟುಡಿಯೋ ಮಾಡಿಕೊಂಡಿದ್ದವರು ಓಝೆಲ್ಲಾಳನ್ನು ಹಾಡಲು ಕರೆದಾಗ, ಜೊತೆಗೆ ಹೋದ ವರ್ಲೀನಳಿಗೆ ಮೂಲೆಯ ಸ್ಟೂಲು ತೋರಿಸಿ "ಕೆಮ್ಮಬೇಡ, ಸೀನಬೇಡ, ಉಸಿರೂ ಮೆತ್ತಗೆ ಬಿಡು" ಎಂದು ತಾಕೀತು ಮಾಡಿದರೂ ಏನೂ ಪ್ರಯೋಜನವಾಗಲಿಲ್ಲ. ಹಾಡಿನ ಹೆಸರು 'ಚಿಲಕ ಹಾಕಿಲ್ಲ'. ಬಿಟ್ಟುಹೋದವನಿಗಾಗಿ ಬಾಗಿಲು ತೆರೆದಿಟ್ಟು ಕಾಯುವ ಹೆಂಗಸಿನ ಹಾಡು. "ನೀನು ಬರೋ ತನಕ" ಎನ್ನುವ ಸಾಲಿಗೆ ಬಂದಾಗ ಓಝೆಲ್ಲಾಳ ಗಂಟಲು ಹೇಗೆ ನಡುಗಿತೆಂದರೆ, ಮೂಲೆಯ ಸ್ಟೂಲಿನಿಂದ "ಹಾಡೇ ಅಕ್ಕಾ, ಹಾಡು!" ಎಂಬ ಕೂಗು ಹಾರಿಬಂತು.

ಸ್ಟುಡಿಯೋದವನು ತಲೆ ತಲೆ ಚಚ್ಚಿಕೊಂಡ. ಮತ್ತೆ ಮತ್ತೆ ಹಾಡಿಸಿದ. ಯಾವುದೂ ಮೊದಲಿನದರ ಹತ್ತಿರಕ್ಕೂ ಬರಲಿಲ್ಲ. "ಅದನ್ನೇ ಇಟ್ಕೊಳಿ. ಅವಳ ಕೂಗಿಲ್ದೆ ಇದ್ರೆ ಅದು ನನ್ನ ಹಾಡೇ ಅಲ್ಲ," ಎಂದಳು ಓಝೆಲ್ಲಾ.

ಆ ತಪ್ಪು ಭೂಮಿಯನ್ನೆಲ್ಲ ಸುತ್ತಿತು. ಬೇಸಿಗೆ ಮುಗಿಯುವುದರೊಳಗೆ ಚಿಕಾಗೋದ ಕಟಿಂಗ್ ಶಾಪುಗಳಲ್ಲಿ, ಡೆಟ್ರಾಯಿಟ್ಟಿನ ಕಾರ್ಖಾನೆಗಳಲ್ಲಿ ಗಂಡಸರು ಒಬ್ಬರನ್ನೊಬ್ಬರು ರೇಗಿಸಲು ಅದನ್ನೇ ಕೂಗುತ್ತಿದ್ದರು. ಆಮೇಲೆ ಮದುವೆಗಳಲ್ಲಿ, ಮೆರವಣಿಗೆಗಳಲ್ಲಿ, ಚೆಂಡಾಟದ ಮೈದಾನಗಳಲ್ಲಿ ಕೇಳಿತು. ಇನ್ನೂ ಆಮೇಲೆ ರ‍್ಯಾಪ್ ಹುಡುಗರು ಆ ಕೂಗನ್ನು ಕತ್ತರಿಸಿ ತಮ್ಮ ತಾಳಗಳ ನಡುವೆ ಅಂಟಿಸಿಕೊಂಡರು. ಅಂಗಿಯ ಮೇಲೆ ಅಚ್ಚಾಯಿತು. ಹೋದ ವರ್ಷ ದಿನಸಿ ಅಂಗಡಿಯ ಸಾಲಿನಲ್ಲಿ ನಿಂತಿದ್ದಾಗ ಮೇಲಿನ ಸ್ಪೀಕರಿನಿಂದ ವರ್ಲೀನಳ ಹರೆಯದ ದನಿ ಬಟ್ಟೆ ಸೋಪು ಮಾರುತ್ತಿತ್ತು. ಅವಳು ಆ ಸೋಪನ್ನು ವಾಪಸ್ ಇಟ್ಟು ಬೇರೆಯದನ್ನು ತಂದಳು.

ಆದರೆ ಹಾಡು ಹೊರಬಂದ ಆ ಬೇಸಿಗೆಯಲ್ಲಿ ಇದೇ ಚರ್ಚಿಗೆ ಮೈಯೆಲ್ಲ ಉರಿ. ದೇವರಿಗೆ ಓಗೊಟ್ಟ ಬಾಯಿಂದ ಸೈತಾನನ ಹಾಡಿಗೆ ಓಗೊಡುವುದೇ? ಓಝೆಲ್ಲಾ ಆಗಲೇ ಬಸ್ಸು ಹತ್ತಿ ಊರೂರು ಹಾಡುತ್ತ ಹೊರಟಿದ್ದಳು. ಕೈಗೆ ಸಿಕ್ಕವಳು ವರ್ಲೀನ್. ಅವಳ ತಾಯಿಯೇ, ಚರ್ಚಿನ ಹಿರಿಯ ಹೆಂಗಸರ ಸಾಲಿನಲ್ಲಿ ಬಿಳಿ ಬಟ್ಟೆ ಉಟ್ಟು ಕೂರುತ್ತಿದ್ದ ಆ ಮಹಾತಾಯಿಯೇ, ಬಿಳಿ ಕೈಗವಸಿನ ಕೈಯಲ್ಲಿ ಮಗಳ ಮೊಣಕೈ ಹಿಡಿದು ಬೆಂಚುಗಳ ನಡುದಾರಿಯಲ್ಲಿ ನಡೆಸಿಕೊಂಡು ಹೋಗಿ ವೇದಿಕೆಯ ಮುಂದೆ ನಿಲ್ಲಿಸಿದಳು. ತಪ್ಪಾಯಿತು ಎನ್ನಬೇಕು, ಆ ಹಾಡಿಗೆ ಇನ್ನೆಂದೂ ದನಿ ಕೊಡುವುದಿಲ್ಲ ಎಂದು ಮಾತು ಕೊಡಬೇಕು. ವರ್ಲೀನ್ ಕೊಟ್ಟಳು. ಎಲ್ಲರೂ "ಆಮೆನ್" ಎಂದರು.

ಕೆಲವು ದಿನಗಳ ಮೇಲೆ ಓಝೆಲ್ಲಾ ಯಾವುದೋ ಬಸ್ ನಿಲ್ದಾಣದಿಂದ ಫೋನ್ ಮಾಡಿದಳು. "ಬಾರೇ. ಇಲ್ಲಿ ಯಾರ್ಯಾರೋ ಹುಡುಗೀರನ್ನ ನಿಲ್ಸಿದಾರೆ. ಒಬ್ಬಳಿಗೂ ಓಗೊಡೋಕೆ ಬರಲ್ಲ."

"ಅಮ್ಮನಿಗೆ ಮಾತು ಕೊಟ್ಟಿದೀನಿ ಕಣೇ."

"ಸರಿ ಬಿಡು. ನಿನ್ನ ಜಾಗ ಖಾಲಿ ಇಟ್ಟಿರ್ತೀನಿ," ಎಂದಳು ಓಝೆಲ್ಲಾ.

ಎಲ್ಲಿಯ ಖಾಲಿ! ವರ್ಲೀನ್ ಟೀವಿಯಲ್ಲಿ ಕಣ್ಣಾರೆ ನೋಡಿದ್ದಳು. ಆ ಸಾಲು ಬಂದ ಕೂಡಲೇ ಓಝೆಲ್ಲಾ ಹಾಡು ನಿಲ್ಲಿಸುತ್ತಾಳೆ, ಮೈಕನ್ನು ಜನರ ಕಡೆ ಚಾಚುತ್ತಾಳೆ, ಇಡೀ ಮೈದಾನ "ಹಾಡೇ ಅಕ್ಕಾ" ಎಂದು ಅರಚುತ್ತದೆ. ನನ್ನೊಬ್ಬಳ ಜಾಗಕ್ಕೆ ಊರಿಗೆ ಊರನ್ನೇ ಕರೆದು ಕೂರಿಸಿಬಿಟ್ಟಳಲ್ಲ ಎಂದು ವರ್ಲೀನಳ ಹೊಟ್ಟೆ ಉರಿಯುತ್ತಿತ್ತು. ಉರಿದರೂ ಪ್ರತಿ ಸಲವೂ ಟೀವಿಯ ಮುಂದೆ ಕೂರುತ್ತಿದ್ದಳು. ಗಂಡ ಬದುಕಿದ್ದಾಗ "ಯಾಕೇ ಅಳ್ತೀಯ?" ಎಂದರೆ "ಈರುಳ್ಳಿ" ಎನ್ನುತ್ತಿದ್ದಳು, ಕೈಯಲ್ಲಿ ಈರುಳ್ಳಿಯೂ ಇರುತ್ತಿರಲಿಲ್ಲ, ಚಾಕುವೂ ಇರುತ್ತಿರಲಿಲ್ಲ. ತಾಯಿ ಸತ್ತಮೇಲೂ ಮಾತು ಸಾಯಲಿಲ್ಲ. ಓಝೆಲ್ಲಾ ಮತ್ತೆ ಫೋನ್ ಮಾಡಲಿಲ್ಲ, ಇವಳೂ ಮಾಡಲಿಲ್ಲ. ಇಬ್ಬರಿಗೂ ಒಂದೇ ಮನೆತನದ ಹಟ.

ಈಗ ನೋಡಿ ತಮಾಷೆ. ಅಂದು "ಆಮೆನ್" ಎಂದವರು ಯಾರೂ ಉಳಿದಿಲ್ಲ. ಅದೇ ಚರ್ಚು ಊಟದ ಹಾಲಿನಲ್ಲಿ ಓಝೆಲ್ಲಾಳ ಫೋಟೋ ತೂಗುಹಾಕಿದೆ. ನಾಳೆ ವಾರ್ಷಿಕೋತ್ಸವಕ್ಕೆ ಅವಳನ್ನೇ ಕರೆಸಿದೆ. ಸ್ತೋತ್ರವೆಲ್ಲ ಮುಗಿದ ಮೇಲೆ 'ಚಿಲಕ ಹಾಕಿಲ್ಲ' ಆಗಲೇಬೇಕು ಎಂದು ಪಾಸ್ಟರೇ ಕೇಳಿಕೊಂಡಿದ್ದಾನೆ. ವರ್ಲೀನಳಿಗೆ ಬೇಕಿದ್ದದ್ದು ಒಂದೇ. ಸಾಯುವ ಮುಂಚೆ ಒಂದು ಸಲ ತನ್ನ ದನಿ ಓಝೆಲ್ಲಾಳ ಕಿವಿಗೆ ಬೀಳಬೇಕು.

ಅಷ್ಟು ಬೇಕಿದ್ದವಳು ಭಾನುವಾರ ಬೆಳಿಗ್ಗೆ ಎಲ್ಲಿದ್ದಳು? ಅಡುಗೆಮನೆಯಲ್ಲಿ. ಎದುರಿಗೆ ಹೋಗಲು ಜೀವ ಬಾಯಿಗೆ ಬಂದಿತ್ತು. ಇದ್ದಬದ್ದ ಕೋಳಿಯನ್ನೆಲ್ಲ ಹಿಟ್ಟಿನಲ್ಲಿ ಹೊರಳಿಸಿ ಎಣ್ಣೆಗೆ ಬಿಡುತ್ತಿದ್ದಳು. ಗೋಡೆಯಾಚೆ ಪ್ರಾರ್ಥನೆ ನಡೆಯುತ್ತಿತ್ತು. ಊಟ ದಾಟಿಸುವ ಕಿಂಡಿಯಿಂದ ಆರ್ಗನ್ನಿನ ದನಿ ತೇಲಿಬರುತ್ತಿತ್ತು.

ಎತ್ತರದ ಹೆಂಗಸೊಬ್ಬಳು ಬಾಗಿಲಲ್ಲಿ ಇಣುಕಿದಳು. "ಅಮ್ಮಾ, ಒಂಚೂರು ಬಿಸಿನೀರು ಸಿಗುತ್ತಾ? ನಿಂಬೆಹಣ್ಣಿದ್ರೆ ಇನ್ನೂ ಒಳ್ಳೇದು. ನಮ್ಮತ್ತೆ ಹಾಡೋಕೆ ಮುಂಚೆ ಕುಡೀತಾಳೆ. ನಾನು ಕಾಮಿಲ್, ಓಝೆಲ್ಲಾ ಪ್ರೂಯಿಟ್ ಸೋದರ ಸೊಸೆ."

ವರ್ಲೀನ್ ಕೆಟಲ್ ಇಟ್ಟಳು. ನಿಂಬೆಹಣ್ಣು ಹೆಚ್ಚಿ ಲೋಟಕ್ಕೆ ಹಿಂಡಿದಳು. "ಜೇನು ಹಾಕ್ಬಾರ್ದು. ಅವಳಿಗೆ ಆಗಲ್ಲ," ಎಂದುಬಿಟ್ಟಳು.

"ನಿಮಗೆ ಹೆಂಗೆ ಗೊತ್ತು?"

"ಈ ಊರಿನವಳಲ್ವಾ. ಎಲ್ರಿಗೂ ಗೊತ್ತು. ಹುಷಾರಾಗಿದಾಳಾ?"

ಕಾಮಿಲ್ ಬಾಗಿಲು ಮುಂದೆ ಮಾಡಿದಳು. "ನೀವು ಹಿರಿಯರು ಅಂತ ಹೇಳ್ತೀನಿ, ಯಾರ ಹತ್ರಾನೂ ಬಾಯಿ ಬಿಡ್ಬೇಡಿ. ಅತ್ತೆಗೆ ಕಿವಿ ಪೂರ್ತಿ ಹೋಗಿದೆ."

"ಪೂರ್ತಿ ಅಂದ್ರೆ?"

"ಪಕ್ಕದಲ್ಲಿ ಸಿಡಿಲು ಬಿದ್ರೂ ಇಲ್ಲ. ಮಿಷನ್ನು, ಆಪರೇಷನ್ನು ಎಲ್ಲಾ ನೋಡಿದ್ದಾಯ್ತು. ಮಾತೆಲ್ಲಾ ತುಟಿ ನೋಡಿ ತಿಳ್ಕೋತಾಳೆ. ಚಪ್ಪಲಿ ಬಿಚ್ಚಿಟ್ಟು ನಿಂತ್ಕೊಂಡ್ ಹಾಡ್ತಾಳೆ. ಹಲಗೆ ಅದುರುತ್ತಲ್ಲ, ಅದ್ರಲ್ಲೇ ತಾಳ ಹಿಡೀತಾಳೆ. ಜನಕ್ಕೆ ಅದೂ ಒಂದು ಸ್ಟೈಲು."

ವರ್ಲೀನ್ ಒಲೆಯ ಕಡೆ ತಿರುಗಿ ನಿಂತಳು. ಎಣ್ಣೆಯಲ್ಲಿ ಕೋಳಿ ಕರ್ರಗಾಗುತ್ತಿತ್ತು, ಅವಳಿಗೆ ಅದರ ಖಬರಿಲ್ಲ. ಎಂಥ ದಡ್ಡಿ ನಾನು, ಎಂಥ ದಡ್ಡಿ. ಕಿವಿ ಇದ್ದಾಗ ಹೋಗಲಿಲ್ಲ, ಈಗ ಹೋಗಿ ಯಾರಿಗೆ ಕೂಗಲಿ?

"ಒಂದು ವಿಷ್ಯ ಮಾತ್ರ ನಂಗೆ ನೋಡೋಕಾಗಲ್ಲ," ಎಂದು ಕಾಮಿಲ್ ಲೋಟ ಊದುತ್ತ ಮಾತು ಮುಂದುವರಿಸಿದಳು. "ಆ ಜಾಗ ಬರುತ್ತಲ್ಲ, ಜನ ಕೂಗ್ತಾರಲ್ಲ, ಆಗ ಒಂದೊಂದು ಬಾಯಿನೂ ನೋಡ್ತಾ ಹೋಗ್ತಾಳೆ. ಏನತ್ತೆ ಹುಡುಕ್ತೀಯ ಅಂತ ಕೇಳ್ದೆ. 'ಆ ಜಾಗ ಒಬ್ಬಳಿಗೆ ಅಂತ ಖಾಲಿ ಬಿಟ್ಟಿದ್ದು ಕಣೇ. ಜನ ಬಂದು ಕೂತ್ಕೊಂಡುಬಿಟ್ರು. ಪಾಪ, ಎದ್ದೇಳಿ ಅನ್ನೋಕಾಗುತ್ತಾ?' ಅಂದ್ಲು."

ಲೋಟ ಹಿಡಿದು ಅವಳು ಹೊರಟುಹೋದಳು. ವರ್ಲೀನ್ ಕಪ್ಪಾದ ಕೋಳಿಯನ್ನು ತೆಗೆದು ಪಕ್ಕಕ್ಕಿಟ್ಟಳು. ಇಷ್ಟು ವರ್ಷ ಟೀವಿಯ ಮುಂದೆ ಕೂತು ಶಪಿಸಿದ್ದೆಲ್ಲ ನೆನಪಾಯಿತು.

ಕಿಂಡಿಯಲ್ಲಿ ಡೇವನ್ನನ ಆರ್ಗನ್ ಬದಲಾಯಿತು. ಮೊದಲ ಸ್ವರಕ್ಕೇ ಜನ ಹೋ ಎಂದರು. ಆಮೇಲೆ ಓಝೆಲ್ಲಾಳ ದನಿ. ಮೊದಲಿನ ಮಿಂಚಿಲ್ಲ, ಮೇಲಿನ ಸ್ವರಗಳಿಗೆ ಏರುವುದೂ ಇಲ್ಲ. ತಗ್ಗಿನಲ್ಲೇ ನಿಧಾನವಾಗಿ ನಡೆದುಬಂತು. ವರ್ಲೀನ್ ಗೋಡೆಗೆ ಒರಗಿ ಕಣ್ಣುಮುಚ್ಚಿದಳು. ಒಂದೇ ಕಂಬಳಿಯಡಿ ಕಾಲಿಗೆ ಕಾಲು ತಾಗಿಸಿಕೊಂಡು ಮಲಗಿ ಪಿಸುದನಿಯಲ್ಲಿ ಹಾಡುತ್ತಿದ್ದ ದನಿಯೇ ಅದು. ಅದಕ್ಕಾಗಿ ಎಷ್ಟು ಹಂಬಲಿಸಿದ್ದಳೆಂದು ಅವಳಿಗೇ ಆಗ ಗೊತ್ತಾಯಿತು.

"ನೀನು ಬರೋ ತನಕ..."

"ಹಾಡೇ ಅಕ್ಕಾ, ಹಾಡು!" ಕೀಯಾ ಅಚ್ಚುಕಟ್ಟಾಗಿ ಕೂಗಿದಳು. ಜನ ಚಪ್ಪಾಳೆ ತಟ್ಟಿದರು. ಆದರೆ ಹಾಡು ಮುಂದಕ್ಕೆ ಹೋಗಲಿಲ್ಲ. ಆರ್ಗನ್ ಅದೇ ಜಾಗದಲ್ಲಿ ಒಂದು ಸುತ್ತು ಸುತ್ತಿತು.

"ನೀನು ಬರೋ ತನಕ..." ಮತ್ತೆ ಅದೇ ಸಾಲು.

ಕೀಯಾ ಮತ್ತೆ ಕೂಗಿದಳು. ಇಡೀ ಚರ್ಚು ಜೊತೆಗೆ ಕೂಗಿತು. ಓಝೆಲ್ಲಾ ಮೂರನೆಯ ಸಲ ಅದೇ ಸಾಲನ್ನು ಎತ್ತಿದಳು. ಯಾರೋ ಹೆಂಗಸು "ಅಯ್ಯೋ ಪಾಪ, ಮರ್ತುಬಿಟ್ಲೇನೋ," ಎಂದದ್ದು ಕಿಂಡಿಯಲ್ಲಿ ಕೇಳಿಸಿತು.

ಮರೆತಿಲ್ಲ. ವರ್ಲೀನಳಿಗೆ ಗೊತ್ತು, ಓಝೆಲ್ಲಾ ಬಾಯಿಗಳನ್ನು ನೋಡುತ್ತಿದ್ದಾಳೆ. ಇಲ್ಲಿಂದ ಎಷ್ಟು ಅರಚಿದರೂ ಅವಳಿಗೆ ತಲುಪುವುದಿಲ್ಲ. ವರ್ಲೀನ್ ಒಲೆ ಆರಿಸಿದಳು. ಏಪ್ರನ್ ಬಿಚ್ಚಲೂ ತೋಚಲಿಲ್ಲ. ಬಾಗಿಲು ತಳ್ಳಿ, ನಡುದಾರಿಗೆ ಇಳಿದು, ಮೊಣಕೈವರೆಗೆ ಹಿಟ್ಟು ಮೆತ್ತಿದ ಕೈಗಳಲ್ಲೇ ನಡೆದಳು. ಅವತ್ತು ಅಮ್ಮ ಹಿಡಿದು ನಡೆಸಿದ ದಾರಿ ಇದೇ. ಅಮ್ಮಾ, ಬಯ್ಯೋದಿದ್ರೆ ನಾನು ಮೇಲಕ್ಕೆ ಬಂದ ಮೇಲೆ ಬಯ್ಯಿ ಎಂದುಕೊಂಡಳು. ವೇದಿಕೆಯ ಮುಂದೆ, ತಪ್ಪಾಯಿತು ಎಂದಿದ್ದ ಅದೇ ಜಾಗದಲ್ಲಿ ನಿಂತು, ಮುಖ ಎತ್ತಿದಳು.

"ಹಾಡೇ ಅಕ್ಕಾ," ಎಂದಳು. "ಹಾಡು!"

ರೆಕಾರ್ಡಿನಲ್ಲಿದ್ದಂತೆ ಇರಲಿಲ್ಲ. ತಾಳ ತಪ್ಪಿತ್ತು, ದನಿ ಮುರಿದಿತ್ತು. ಹಿಂದೆ ಯಾರೋ ಕಿಸಕ್ಕೆಂದರು. ಡೇವನ್ ಏನಾಯಿತೆಂದು ತಿಳಿಯದೆ ಕೈ ಎತ್ತಿಬಿಟ್ಟ; ಆರ್ಗನ್ ನಿಂತಿತು.

ಬರಿಗಾಲಿನ ಮುದುಕಿ ಮೆಟ್ಟಿಲ ಕಟಾಂಜನ ಹಿಡಿದು ಇಳಿದುಬಂದಳು. ವರ್ಲೀನಳ ತುಟಿಗಳನ್ನು ನೋಡಿದಳು, ಏಪ್ರನ್ ನೋಡಿದಳು, ಮತ್ತೆ ತುಟಿಗಳನ್ನು ನೋಡಿದಳು.

"ಯಾಕೇ ಇಷ್ಟು ತಡ ಮಾಡ್ದೆ?" ಎಂದಳು.

ವರ್ಲೀನ್ ಹಿಟ್ಟಿನ ಕೈಗಳನ್ನು ಏಪ್ರನ್ನಿಗೆ ಒರೆಸಿಕೊಂಡಳು.

ಓಝೆಲ್ಲಾ ತನ್ನ ಅಂಗೈಯನ್ನು ಅವಳ ಗಂಟಲಿನ ಮೇಲೆ ಒತ್ತಿ ಇಟ್ಟಳು. "ಇನ್ನೊಂದ್ ಸಲ ಅನ್ನೇ. ಕಿವಿ ಹಾಳಾಗ್ಹೋಗ್ಲಿ, ಕೈಗಾದ್ರೂ ಗೊತ್ತಾಗ್ಲಿ."

ವರ್ಲೀನ್ ಕೂಗಲು ಹೋದಳು. ಜಗತ್ತೆಲ್ಲ ಕೂಗಿದ ಆ ಮಾತಿಗಾಗಿ ಉಸಿರು ಕಟ್ಟಿ ಪ್ರಯತ್ನಿಸಿದಳು. ಸದ್ದೇ ಬರಲಿಲ್ಲ. ಅಳು ಮಾತ್ರ ಬಂತು, ಅದೂ ಸದ್ದಿಲ್ಲದೆ, ಗಂಟಲಿನೊಳಗೇ ಒದ್ದಾಡಿತು. ಮುಂದಿನ ಬೆಂಚಿನವರಿಗೂ ಏನೂ ಕೇಳಿಸಲಿಲ್ಲ.

ಓಝೆಲ್ಲಾ ಮಾತ್ರ ಕಣ್ಣುಮುಚ್ಚಿ ತಲೆಯಾಡಿಸಿದಳು. "ಹ್ಞೂಂ, ಅದೇ," ಎಂದಳು. "ಅದೇ ಕಣೇ."

ಆಮೇಲೆ, ಕೈಯನ್ನು ಅಲ್ಲಿಂದ ತೆಗೆಯದೆಯೇ, ಹಾಡಿನ ಮುಂದಿನ ಸಾಲನ್ನು ಎತ್ತಿಕೊಂಡಳು.